ಬೆನ್ನು ಮುಚ್ಚಿದ ಉಂಗುರ

ನೀಲದ ಹರಳು ಕೊಳ್ಳುವ ತಾಸೀಮ್ ನಾನಾ, ಗಾಲೆಯ ಬಳಿಯ ಮಾಗಲ್ಲದಲ್ಲಿ ಎಮಲಿನ್ ಇದ್ದ ಮನೆಯ ಮುಂದೆ ಮೊದಲ ಸಲ ಸೈಕಲ್ಲು ನಿಲ್ಲಿಸಿದ್ದು ಒಂದು ಮಂಗಳವಾರ, ಬೆಳಗಿನ ಒಂಬತ್ತೂವರೆಗೆ. ಎಮಲಿನ್‌ಗೆ ಹೊತ್ತು ಸರಿಯಾಗಿ ನೆನಪಿದೆ, ಯಾಕೆಂದರೆ ಜಗಲಿಯ ಬಿಸಿಲು ಅವಳ ದಿಂಬಿನ ಅರ್ಧಕ್ಕೆ ಬಂದಿತ್ತು. ಅರ್ಧಕ್ಕೆ ಬಂದರೆ ಒಂಬತ್ತೂವರೆ. ಆ ದಿಂಬು ಲೇಸ್ ಹೆಣೆಯುವ ದುಂಡು ದಿಂಬು. ಅದರ ಮೇಲೆ ಚುಚ್ಚಿದ ಗುಂಡುಸೂಜಿಗಳ ನಡುವೆ, ನೂಲು ಸುತ್ತಿದ ನಲವತ್ತು ಮರದ ಕಡ್ಡಿಗಳನ್ನು ಅತ್ತಿತ್ತ ದಾಟಿಸುತ್ತ ಅವಳು ಕೂತಿದ್ದಳು. ಆಗ ಅವಳಿಗೆ ಮೂವತ್ತೆಂಟು. ಗಂಡ ಕರೋಲಿಸ್ ದೋಣಿ ಕಟ್ಟುವ ಬಡಗಿ, ಜ್ವರದಲ್ಲಿ ತೀರಿಕೊಂಡು ಎರಡು ವರ್ಷವಾಗಿತ್ತು. ಅವನ ಅಕ್ಕ ಮಿಸ್ಸಿನೋನಾ ತನ್ನ ಮನೆಯ ಹಿಂದಿನ ಕೋಣೆಯನ್ನು ತಮ್ಮನ ಹೆಂಡತಿಗೆ ಬಿಟ್ಟುಕೊಟ್ಟಿದ್ದಳು.

"ಹಳೇ ಉಂಗುರ ಇದ್ರೆ ತೋರ್ಸಿ ಅಕ್ಕಾ, ನೀಲದ್ದು. ಮಾರೋದೇನೂ ಬೇಡ, ನೋಡ್ತೀನಿ ಅಷ್ಟೆ," ಎಂದರು ಅವರು ಬೇಲಿಯಾಚೆಯಿಂದ. ತಲೆಗೆ ಬಿಳಿ ಟೊಪ್ಪಿ, ಇಸ್ತ್ರಿ ಮಾಡಿದ ಅಂಗಿ, ಚೌಕುಳಿ ಲುಂಗಿ, ಸೈಕಲ್ಲಿನ ಹಿಡಿಗೆ ನೇತುಬಿಟ್ಟ ಕಪ್ಪು ಕೊಡೆ. ಅವರ ಮನೆಯಿದ್ದ ಗಾಲೆ ಕೋಟೆಯೊಳಗಿನ ಮುಸ್ಲಿಮರಲ್ಲಿ ಅಣ್ಣನಿಗೆ ನಾನಾ ಎನ್ನುತ್ತಾರೆ. ಗಾಲೆಯ ಸಿಂಹಳದವರೂ ಅವರನ್ನು ಹಾಗೇ ಕರೆಯುತ್ತಿದ್ದರು.

ಮಿಸ್ಸಿನೋನಾ ಪೊರಕೆ ಹಿಡಿದೇ ಹೊರಗೆ ಬಂದಳು. ಅವಳ ಬಲಗೈಯ ಉಂಗುರಬೆರಳಲ್ಲಿ ಅಜ್ಜಿಯ ಕಾಲದ ನೀಲದ ಹರಳಿನ ಉಂಗುರವಿತ್ತು. ನಾನಾರ ಕಣ್ಣು ಅತ್ತ ಹೊರಳಿದ್ದೇ ತಡ, ಅವಳು ಕೈಯನ್ನು ಸೆರಗಿನೊಳಗೆ ಸೇರಿಸಿದಳು.

"ಇದು ನಮ್ಮಜ್ಜೀದು. ಮಾರೋದಕ್ಕಲ್ಲ, ನಿನ್ನಂಥೋರು ನೋಡೋದಕ್ಕೂ ಅಲ್ಲ. ನಾನು ಸತ್ತ ಮೇಲೆ ಬಾ."

"ಯಾರು ಮೊದಲು ಹೋಗ್ತಾರೋ ಯಾರಿಗೆ ಗೊತ್ತು ಅಕ್ಕಾ? ನಾನೇ ಮೊದಲಾದ್ರೆ, ಆ ಉಂಗುರ ನೋಡ್ಲಿಲ್ವಲ್ಲಾ ಅಂತ ಅಲ್ಲಿ ಕೂತ್ಕೊಂಡು ಕೊರಗ್ಬೇಕಾಗುತ್ತೆ."

"ಕೊರಗು. ನಂಗೇನು?"

ಅವರು ಹೋಗಲಿಲ್ಲ. ಎಮಲಿನ್ ಒಂದು ಕಡ್ಡಿಯ ನೂಲನ್ನು ಬಿಚ್ಚಿ ಬದಿಗಿಟ್ಟು ಬೇರೆ ನೂಲು ಸುತ್ತುತ್ತಿದ್ದುದನ್ನು ನೋಡುತ್ತ ನಿಂತರು.

"ಆ ನೂಲಿಗೇನಾಗಿದೆ ತಂಗಿ?"

"ಇದನ್ನ ಬಾವಿ ನೀರಲ್ಲಿ ಅದ್ದಿದ್ದಾರೆ. ಒಂದು ಕೂದಲಷ್ಟು ಹಳದಿ."

ನಾನಾ ಎರಡು ನೂಲನ್ನೂ ಬೆಳಕಿಗೆ ಹಿಡಿದರು. ಆಮೇಲೆ ಜೇಬಿನಿಂದ ಮಡಿಸಿದ ಕಾಗದದ ಪೊಟ್ಟಣ ತೆಗೆದು ಎರಡು ಉಂಗುರಗಳನ್ನು ಅವಳ ದಿಂಬಿನ ಮೇಲಿಟ್ಟರು. "ಇದನ್ನ ನೋಡಿ ಹೇಳು. ಇವೆರಡೂ ಒಂದೇನಾ?"

ಎಮಲಿನ್ ಒಂದೊಂದನ್ನೇ ಬೆರಳಿಗೆ ಹಾಕಿ ತಿರುಗಿಸಿದಳು. ತಿರುಗಿಸಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ. "ಈ ನೀಲಿ ಒಳಗೆ ಓಡಾಡುತ್ತೆ. ಇದು ಓಡಾಡಲ್ಲ, ಪಾತ್ರೆ ತಳಕ್ಕೆ ಬಣ್ಣ ಬಳಿದ ಹಾಗೆ ಕೂತಿದೆ. ಮೇಲಿರೋದು ಮಸಿಕುಡಿಕೆ ತೊಳೆದ ನೀರು."

ನಾನಾ ನಕ್ಕರು. ಮೇಲಿನ ಸಾಲಿನಲ್ಲಿ ಎರಡು ಹಲ್ಲು ಇರಲಿಲ್ಲ. "ಬೇರುವಲದ ಹರಳು ವ್ಯಾಪಾರಸ್ಥರು ಇಬ್ಬರು ಇದನ್ನ ನೋಡಿ ಒಂದೇ ಅಂದ್ರು ತಂಗಿ."

ಹೀಗೆ ಶುರುವಾಯಿತು. ಎಮಲಿನ್ ಲೇಸ್ ಮಾರಲು ಗಾಲೆಯಿಂದ ವೆಲಿಗಾಮದವರೆಗೆ ಮನೆ ಮನೆ ತಿರುಗುವವಳು. ಗಂಡಸರಿಗೆ ಬಾಗಿಲು ತೆರೆಯದ ಮನೆಗಳಲ್ಲಿ ಅವಳಿಗೆ ಅಡುಗೆಮನೆಯವರೆಗೂ ದಾರಿಯಿತ್ತು. ಯಾವ ಮನೆಯ ಅಮ್ಮನ ಬೆರಳಲ್ಲಿ ಹಳೆಯ ನೀಲವಿದೆ, ಯಾರಿಗೆ ಅದನ್ನು ಕೊಡುವ ಮನಸ್ಸಿದೆ ಎಂದು ಅವಳು ಹೇಳುವಳು. ನಾನಾ ಮರುದಿನ ಕೊಡೆ ಹಿಡಿದು ಹೋಗುವರು. ಒಪ್ಪಂದವಾದರೆ ಅವಳ ಪಾಲು ಅವಳ ಕೈಗೆ ಅದೇ ದಿನ ಬರುತ್ತಿತ್ತು.

ಅವರು ಕೊಳ್ಳುವ ರೀತಿಯೇ ಬೇರೆ. ಬೆಳಗಿನ ಹನ್ನೊಂದು ದಾಟಿದರೆ ಉಂಗುರ ನೋಡುತ್ತಿರಲಿಲ್ಲ. ಮಧ್ಯಾಹ್ನದ ಬಿಸಿಲು ಎಲ್ಲ ನೀಲಿಯನ್ನೂ ಒಂದೇ ಮಾಡಿಬಿಡುತ್ತದೆ ಎನ್ನುವರು. ಉಂಗುರವನ್ನು ತಮ್ಮ ಕೈಗೆ ತೆಗೆದುಕೊಳ್ಳುವ ಮೊದಲು ಆ ಮನೆಯ ಹೆಂಗಸಿನ ಬೆರಳಲ್ಲೇ ನೋಡಬೇಕು. "ಯಾರದಮ್ಮಾ ಇದು?" ಎಂದು ಮೊದಲು ಕೇಳುವರು. ಅಜ್ಜಿಯದಾದರೆ ಅಜ್ಜಿಯ ಹೆಸರು, ಊರು, ಅವಳಿಗೆಷ್ಟು ಮಕ್ಕಳು, ಎಲ್ಲ ಕೇಳುವರು. ಹತ್ತು ವರ್ಷ ಕಳೆದ ಮೇಲೂ, "ಹಿಕ್ಕಡುವದ ಜೋಸಿಲಿನ್ ಅಜ್ಜಿ ಉಂಗುರ, ಏಳು ಹೆತ್ತವಳು," ಎಂದು ಪೊಟ್ಟಣ ಬಿಚ್ಚದೆಯೇ ಹೇಳುತ್ತಿದ್ದರು.

ಅವಳಿಗೂ ನೋಡಲು ಕಲಿಸಿದರು. ಹಳೆಯ ಹರಳಿನ ಪಟ್ಟೆಗಳ ಅಂಚು ಮುಟ್ಟಿದರೆ ಚುಚ್ಚುವುದಿಲ್ಲ. ಮೂರು ತಲೆಮಾರಿನ ಕೈಗಳು ತೆಂಗಿನಕಾಯಿ ತುರಿದು, ಅಕ್ಕಿ ತೊಳೆದು, ಮಕ್ಕಳ ತಲೆ ಸವರಿ ಅದನ್ನು ನಯ ಮಾಡಿರುತ್ತವೆ. ಉಂಗುರದ ಸುತ್ತು ಕಿರುಬೆರಳಿನ ಕಡೆಗೆ ತೆಳ್ಳಗಾಗಿರುತ್ತದೆ. ಹರಳಿನ ಹೊಟ್ಟೆ ಒಂದು ಕಡೆಗೆ ವಾಲಿದ್ದರೆ ಹರಳು ತೀಡುವ ಸಾಣೆಯವನಿಗೆ ಕೆಲಸ ಬರುತ್ತಿರಲಿಲ್ಲ ಎಂದುಕೊಳ್ಳಬಾರದು. ಕಲ್ಲಿನಲ್ಲಿ ನೀಲಿ ಇದ್ದದ್ದೇ ಒಂದು ತೊಟ್ಟು. ಅದನ್ನು ತಳದಲ್ಲಿ ಉಳಿಸಿಕೊಂಡು ಮಿಕ್ಕ ಬಿಳಿಯನ್ನು ಮೇಲೆ ಇಟ್ಟು, ಆ ಒಂದು ತೊಟ್ಟು ಇಡೀ ಹರಳಿಗೆ ಹರಡುವ ಹಾಗೆ ಅವನು ತೀಡಿದ್ದಾನೆ. ಕೊಲಂಬೊದ ಒಬ್ಬ ದೊಡ್ಡ ಮನುಷ್ಯ ಅಂಥದೊಂದನ್ನು ಕೊಂಡು ಸಮ ಮಾಡಿಸಲು ಹೋಗಿ, ಕೊನೆಗೆ ಗಾಜಿನ ಚೂರಿನಂಥದ್ದನ್ನು ಹಿಡಿದುಕೊಂಡು ಬಂದು ನಾನಾರ ಮುಂದೆ ಕೂತಿದ್ದನಂತೆ. "ಹೊಟ್ಟೆ ದಪ್ಪ ಅಂತ ಹೆಂಡತಿ ಹೊಟ್ಟೇನೇ ಕುಯ್ಸಿದ ಹಾಗಾಯ್ತು," ಎಂದು ಹೇಳಿ ನಾನಾ ತಕ್ಷಣ, "ತಪ್ಪಾಯ್ತು ತಂಗಿ, ನಿನ್ನ ಮುಂದೆ ಹೀಗೆಲ್ಲ ಅನ್ನಬಾರದಿತ್ತು," ಎಂದು ಕಿವಿ ಹಿಡಿದುಕೊಂಡಿದ್ದರು.

ಬೆನ್ನು ಮುಚ್ಚಿದ ಉಂಗುರಗಳ ವಿಷಯ ಮಾತ್ರ ಗಟ್ಟಿಯಾಗಿ ಹೇಳಿದ್ದರು. ಹಿಂದಿನ ಅಕ್ಕಸಾಲಿಗಳು ಕೆಲವು ಹರಳುಗಳ ಹಿಂದೆ ಬಂಗಾರದ ಬಟ್ಟಲು ಕಟ್ಟಿ ಮುಚ್ಚುತ್ತಿದ್ದರು. ಒಳಗೆ ಏನೂ ಇಲ್ಲದಿರಬಹುದು, ಇಲ್ಲವೇ ನೀಲಿ ಬಳಿದ ತಗಡು ಇರಬಹುದು. ಅದನ್ನು ಕೊಳ್ಳುವ ಮೊದಲು ಬಿಚ್ಚುವ ಹಾಗಿಲ್ಲ. ಬಿಚ್ಚಿದರೆ ಕೊಂಡ ಹಾಗೆ. ಅದು ಗಾಲೆಯಲ್ಲಿ ಎಲ್ಲರೂ ಒಪ್ಪಿದ ಕಟ್ಟುಪಾಡು. ಹಾಗಾಗಿ ಅಂಥ ಉಂಗುರಕ್ಕೆ ಕಣ್ಣೊಂದೇ ಸಾಕ್ಷಿ. ಒಳಗಿನ ನೀಲಿ ತಿರುಗಿಸಿದರೆ ಓಡಾಡುತ್ತದೆ, ಬಳಿದ ನೀಲಿ ಕೂತಲ್ಲೇ ಕೂತಿರುತ್ತದೆ.

ಒಂಬತ್ತು ವರ್ಷ ಹೀಗೆ ನಡೆಯಿತು. ಹತ್ತನೆಯ ವರ್ಷ ಅಹಂಗಾಮದ ಒಂದು ಮನೆಯಲ್ಲಿ ನಾನಾ ಒಂದು ಹರಳನ್ನು ಹಿಡಿದು "ಒಳ್ಳೇ ನೀಲಿ" ಎಂದರು. ಅದು ಹಸಿರಿಗೆ ತಿರುಗಿತ್ತು. ಎಮಲಿನ್ ಕೆಮ್ಮಿದಳು. ಅವರು ಅವಳ ಮುಖ ನೋಡಿ, ಆ ಮನೆಯವರಿಗೆ ಏನೋ ನೆಪ ಹೇಳಿ ಎದ್ದರು. ಆ ದಿನ ಕೋಟೆಯ ಗೋಡೆಯ ಮೆಟ್ಟಿಲ ಮೇಲೆ ಕೂತು, ಕಡಲ ಕಡೆ ಕೈ ತೋರಿಸಿ ಕೇಳಿದರು:

"ಅದು ಯಾವ ಬಣ್ಣ ತಂಗಿ?"

"ಕಡಲಾ? ನೀಲಿ. ಬಂಡೆ ಹತ್ರ ಸ್ವಲ್ಪ ಹಸಿರು."

"ನನಗೆ ಹಾಲು ಹಾಕದ ಚಹಾ ಹಾಗೆ ಕಾಣುತ್ತೆ. ಎರಡು ವರ್ಷದಿಂದ." ಕೈ ಕೆಳಗಿಳಿಸಿ, "ಮನೇಲಿ ಹೆಂಡತಿ ಜೆಸೀಮಾಗೂ ಹೇಳಿಲ್ಲ. ಹೇಳಿದ್ರೆ ಅಳಿಯಂದಿರ ಕಿವಿಗೆ ಹೋಗುತ್ತೆ, ಅಲ್ಲಿಂದ ಅಂಗಡಿ ಬೀದಿಗೆ. ನೀಲ ಕೊಳ್ಳೋನಿಗೆ ನೀಲಿ ಕಾಣಲ್ಲ ಅಂದ್ರೆ ಮೀನಿಗೂ ನಗು ಬರುತ್ತೆ," ಎಂದರು.

"ಆಸ್ಪತ್ರೇಲಿ ಕಣ್ಣಿನ ಪೊರೆ ತೆಗೀತಾರಂತಲ್ಲ ನಾನಾ?"

"ತೆಗೆಯೋನ ಕೈ ನಡುಗಿದ್ರೆ? ನಿನ್ನ ಕಣ್ಣಿದೆಯಲ್ಲ. ನಿನ್ನ ಬಾಯಲ್ಲಿ ಬಂದದ್ದನ್ನ ನಾನು ಕಂಡೆ ಅಂತಲೇ ಇಟ್ಕೋತೀನಿ."

ಅಂದಿನಿಂದ ನಾನಾ ಉಂಗುರವನ್ನು ಎಮಲಿನ್‌ಳ ಬೆರಳಿಗೆ ಹಾಕಿ, ಅವಳ ಕೈಯನ್ನು ಬೆಳಕಿಗೆ ತಿರುಗಿಸಿ ಕೇಳುವರು: "ತಂಗಿ, ಇದು ಯಾವ ನೀಲಿ?" ಅವಳು ಯಾವಾಗಲೂ ಸೊಂಟದಲ್ಲಿ ಸಿಕ್ಕಿಸಿಕೊಂಡಿರುವ ಬಿಳಿ ನೂಲನ್ನು ಹರಳಿನ ಪಕ್ಕಕ್ಕಿಟ್ಟು ನೋಡಿ ಹೇಳುವಳು. ಮಿಂಚುಳ್ಳಿ ಬೆನ್ನು. ಬಟ್ಟೆಗೆ ಹಾಕೋ ನೀಲಿ, ಎರಡನೇ ಸಲ ಹಿಂಡಿದಾಗಿನದ್ದು. ಹತ್ತು ಗಂಟೆ ಕಡಲು. ಶಂಖಪುಷ್ಪ ಎಂದು ಅವಳು ಹೇಳಿದ್ದು ಇಷ್ಟು ವರ್ಷಗಳಲ್ಲಿ ಎರಡೇ ಸಲ. ಎರಡು ಸಲವೂ ನಾನಾ ಚೌಕಾಶಿ ಮಾಡದೆ ಕೊಂಡಿದ್ದರು.

ಮೂರು ವರ್ಷದ ಮೇಲೆ ವೈಶಾಖದ ಗಾಳಿಗೆ ಮಿಸ್ಸಿನೋನಾಳ ಮನೆಯ ಕಡಲ ಕಡೆಯ ಮಾಡು ಹಾರಿಹೋಯಿತು. ಅಡುಗೆಮನೆ, ಅದರ ಹಿಂದಿನ ಎಮಲಿನ್‌ಳ ಕೋಣೆ, ಎರಡಕ್ಕೂ ಮೇಲೆ ಆಕಾಶ. ಮಿಸ್ಸಿನೋನಾ ಎರಡು ದಿನ ತೆಂಗಿನ ಗರಿಗಳ ಕೆಳಗೆ ಬೇಯಿಸಿದಳು. ಮೂರನೆಯ ದಿನ ಬೆರಳಿಗೆ ಸೋಪು ಹಚ್ಚಿ, ಹಲ್ಲು ಕಚ್ಚಿ, ಅಜ್ಜಿಯ ಉಂಗುರವನ್ನು ಎಳೆದು ತೆಗೆದು ಎಮಲಿನ್‌ಳ ಮಡಿಲಿಗೆ ಹಾಕಿದಳು.

"ನಿನ್ನ ಆ ನಾನಾನ ಕರಿ. ಹನ್ನೆರಡು ವರ್ಷದಿಂದ ಬೆಕ್ಕಿನ ಹಾಗೆ ಬೇಲಿ ಸುತ್ತುತ್ತಿದ್ದಾನಲ್ಲ, ಈಗ ಬರಲಿ. ನಮ್ಮಜ್ಜಿ ಮದುವೇಲಿ ಈ ನೀಲ ನೋಡೋಕೆ ಮಾತರದಿಂದ ಗಾಡಿ ಕಟ್ಕೊಂಡು ಬಂದಿದ್ರಂತೆ. ಅದನ್ನೂ ಹೇಳು."

ಎಮಲಿನ್ ಆ ಉಂಗುರವನ್ನು ಹದಿನಾಲ್ಕು ವರ್ಷ ಮಿಸ್ಸಿನೋನಾಳ ಕೈಯಲ್ಲಿ ಕಂಡಿದ್ದಳು. ಹಿಟ್ಟು ಕಲಸುವಾಗ, ಮೀನು ತೊಳೆಯುವಾಗ ಕಂಡಿದ್ದಳು. ಬೆಳಕಿಗೆ ಹಿಡಿದು ನೋಡಿರಲಿಲ್ಲ. ಈಗ ಜಗಲಿಗೆ ಹೋಗಿ ಬೆರಳಿಗೆ ಹಾಕಿಕೊಂಡಳು. ಬೆನ್ನು ಮುಚ್ಚಿತ್ತು. ಬಿಳಿ ನೂಲು ಪಕ್ಕಕ್ಕಿಟ್ಟು ತಿರುಗಿಸಿದಳು. ನೀಲಿ ಕದಲಲಿಲ್ಲ. ಇನ್ನೊಂದು ಕಡೆಗೆ ತಿರುಗಿಸಿದಳು. ತಳದಲ್ಲಿ ಕೂತಲ್ಲೇ ಕೂತಿತ್ತು.

"ಏನದು, ಮುಖ ಹುಳಿ ತಿಂದ ಹಾಗೆ ಮಾಡ್ಕೊಂಡೆ?" ಎಂದಳು ಮಿಸ್ಸಿನೋನಾ ಒಳಗಿನಿಂದ.

"ಏನಿಲ್ಲ ಅಕ್ಕಾ. ಬಿಸಿಲು."

ಆಗ ಹೇಳಬಹುದಿತ್ತು. ಮಿಸ್ಸಿನೋನಾ ಹಣೆ ಚಚ್ಚಿಕೊಳ್ಳುತ್ತಿದ್ದಳು, ಸತ್ತ ಅಜ್ಜಿಯನ್ನು ಬೈಯುತ್ತಿದ್ದಳು, ಆಮೇಲೆ ಎಮಲಿನ್‌ಳನ್ನೂ ಬೈಯುತ್ತಿದ್ದಳು, ಅಷ್ಟೆ. ನಾನಾರಿಗಾದರೂ "ಇದು ನಮ್ಮ ಮನೇದು, ನನ್ನನ್ನ ಕೇಳಬೇಡಿ, ಬೇರೆಯವರಿಗೆ ತೋರಿಸಿ" ಎನ್ನಬಹುದಿತ್ತು. ಮುಂದಿನ ವರ್ಷಗಳಲ್ಲಿ ಎಮಲಿನ್ ಈ ಎರಡು ದಾರಿಗಳನ್ನೂ ಎಷ್ಟು ಸಲ ಮನಸ್ಸಿನಲ್ಲಿ ನಡೆದು ಬಂದಳೋ ಲೆಕ್ಕವಿಲ್ಲ. ಆದರೆ ಆ ದಿನ ಅವಳ ಕಣ್ಣಿಗೆ ಬಿದ್ದದ್ದು ಗೋಡೆಗೆ ಒರಗಿಸಿಟ್ಟ ತನ್ನ ಚಾಪೆ. ಹದಿನಾಲ್ಕು ವರ್ಷ ಒಂದು ದಿನವೂ "ನಿನ್ನ ಮನೆ ಯಾವುದು" ಎಂದು ಕೇಳದೆ ಅನ್ನ ಹಾಕಿದವಳ ಮಾಡು ಹಾರಿಹೋಗಿತ್ತು.

ಮರುದಿನ ನಾನಾ ಹೊಸ ಅಂಗಿ ತೊಟ್ಟು ಬಂದರು. ಮಿಸ್ಸಿನೋನಾ ಹೊರಗೆ ಹೋಗಿ ಬಾಳೆಗಿಡಕ್ಕೆ ನೀರು ಹಾಕುವವಳಂತೆ ನಿಂತಳು. ಅಜ್ಜಿಯ ಉಂಗುರ ಹೋಗುವುದನ್ನು ಕಣ್ಣಾರೆ ನೋಡುವುದು ಅವಳಿಗೆ ಬೇಕಿರಲಿಲ್ಲ. ನಾನಾ ಉಂಗುರವನ್ನು ಹಿಡಿದು ಹೆಬ್ಬೆರಳಿನಿಂದ ಅಂಚು ಸವರಿದರು.

"ಎಷ್ಟು ನಯ ಆಗಿದೆ ನೋಡು. ಹನ್ನೆರಡು ವರ್ಷ ಕಾದೆ ತಂಗಿ ಇದನ್ನ ನೋಡೋಕೆ. ಬಂತು, ಆದ್ರೆ ಕಣ್ಣು ಹೊರಟುಹೋದ ಮೇಲೆ ಬಂತು." ಅವಳ ಬೆರಳಿಗೆ ಹಾಕಿದರು. ಕೈಯನ್ನು ಬೆಳಕಿಗೆ ತಿರುಗಿಸಿದರು. "ಹೇಳು. ಇದು ಯಾವ ನೀಲಿ?"

"ಶಂಖಪುಷ್ಪ," ಎಂದಳು ಎಮಲಿನ್.

ನಾನಾರ ಮುಖ ಅರಳಿತು. "ತಿರುಗಿಸಿದೆಯಾ?"

"ತಿರುಗಿಸಿದೆ."

"ಓಡಾಡುತ್ತಾ?"

"ಓಡಾಡುತ್ತೆ ನಾನಾ."

ಅವರು ಚೌಕಾಶಿ ಮಾಡಲಿಲ್ಲ. ಹದಿನೈದು ದಿನದಲ್ಲಿ ಮಾಡಿಗೆ ಹೊಸ ಹೆಂಚು ಬಂತು.

ಉಂಗುರ ಹೋದದ್ದು ಮಾತರದ ಒಬ್ಬ ವಕೀಲರ ಹೆಂಡತಿಗೆ. ತಾಸೀಮ್ ಹೇಳಿದರೆ ಆಯಿತು ಎಂದು ಮೂವತ್ತು ವರ್ಷ ಕೊಂಡವರ ಮನೆ ಅದು. ಉಂಗುರ ಬೆರಳಿಗೆ ಬಿಗಿಯಾಯಿತೆಂದು ಅವರು ತಮ್ಮ ಅಕ್ಕಸಾಲಿಯ ಕೈಗೆ ಕೊಟ್ಟರು. ಅವನು ಬಟ್ಟಲು ಬಿಚ್ಚಿದಾಗ ನೀಲಿ ತಗಡು ಮೀನಿನ ಪೊರೆಯ ಹಾಗೆ ಉದುರಿತು. ಉಳಿದದ್ದು ನೀರಿನಂಥ ಹರಳು.

ಇದೆಲ್ಲ ಎಮಲಿನ್‌ಗೆ ತಿಳಿದದ್ದು ಹಜ್ ಹಬ್ಬದ ದಿನ, ನಾನಾರ ಹೆಂಡತಿ ಜೆಸೀಮಾಳ ಬಾಯಿಂದ. ಜೆಸೀಮಾ ಬೆಲ್ಲ, ತೆಂಗಿನ ಹಾಲು ಹಾಕಿ ಮಾಡಿದ ವಟ್ಟಲಪ್ಪಂ ಎಂಬ ಸಿಹಿಯ ಬಟ್ಟಲನ್ನು ಅವಳ ಕೈಗೆ ಕೊಡುತ್ತ ಕಣ್ಣೊರೆಸಿಕೊಂಡಳು. "ಪೂರ್ತಿ ದುಡ್ಡು ವಾಪಸ್ ಕೊಟ್ಟು ಬಂದ್ರಂತೆ ಎಮಲಿನ್. ಅದಿರಲಿ. ಚಹಾ ಅಂಗಡೀಲಿ ಎಲ್ಲರ ಮುಂದೆ, 'ತಪ್ಪು ನನ್ನ ಕಣ್ಣಿನದು, ನನಗೆ ನೀಲಿ ಕಾಣದೆ ಐದು ವರ್ಷ ಆಯ್ತು' ಅಂದ್ರಂತೆ. ನನಗೇ ಹೇಳಿರ್ಲಿಲ್ಲ ಈ ಮನುಷ್ಯ! ಈಗ ಯಾರೂ ಒಂದು ಕಲ್ಲನ್ನೂ ಇವರ ಹತ್ರ ತರಲ್ಲ. ಬೆಳಗ್ಗೆ ಇಸ್ತ್ರಿ ಅಂಗಿ ತೊಟ್ಟು ಕೂತ್ಕೋತಾರೆ, ಮಧ್ಯಾಹ್ನ ಬಿಚ್ಚಿಡ್ತಾರೆ."

"ಬೇರೆ ಯಾರ ಹೆಸರನ್ನೂ ಹೇಳಲಿಲ್ವಾ?"

"ಯಾರ ಹೆಸರು? ನೋಡಿದ್ದು ಇವರು ತಾನೇ?"

ಎಮಲಿನ್‌ಗೆ ವಟ್ಟಲಪ್ಪಂ ತಿನ್ನಲು ಮನಸ್ಸಾಗಲಿಲ್ಲ. ಬಟ್ಟಲನ್ನು ಹಾಗೇ ಮುಚ್ಚಿ ಮನೆಗೆ ತಂದಳು. ಮಿಸ್ಸಿನೋನಾ ಅದನ್ನು ತಿಂದು, "ಇವರ ಬೆಲ್ಲಕ್ಕೆ ನಮ್ಮ ಬೆಲ್ಲ ಸಮ ಇಲ್ಲ," ಎಂದು ಬೆರಳು ನೆಕ್ಕಿದಳು.

ಆ ಮಳೆಗಾಲದಲ್ಲಿ ಮನೆಯೊಳಗೆ ಒಂದು ಹನಿಯೂ ಸೋರಲಿಲ್ಲ. ಎಮಲಿನ್‌ಗೆ ಅದೇ ಕಷ್ಟವಾಯಿತು. ಮೊದಲಾದರೆ ಮಳೆ ಬಂದಾಗ ಪಾತ್ರೆ ಇಡುವ, ಚಾಪೆ ಎಳೆಯುವ ಕೆಲಸವಿರುತ್ತಿತ್ತು. ಈಗ ಒಣ ನೆಲದ ಮೇಲೆ ಸುಮ್ಮನೆ ಕೂತು ಹೆಂಚಿನ ಮೇಲಿನ ಸದ್ದು ಕೇಳಬೇಕು. ಅಕ್ಕಪಕ್ಕದವರು ಬಂದಾಗ ಮಿಸ್ಸಿನೋನಾ ಮೇಲೆ ನೋಡಿ, "ನಮ್ಮಜ್ಜಿ ಹಾಕಿಸಿದ ಮಾಡು," ಎನ್ನುವಳು. ಅವಳಿಗೆ ಏನೂ ಗೊತ್ತಿರಲಿಲ್ಲ. ಅಂಥವಳ ಮೇಲೆ ಸಿಟ್ಟು ಮಾಡಿಕೊಳ್ಳಲೂ ಬರುವುದಿಲ್ಲ.

ಹೇಳಿಬಿಡಬೇಕೆಂದು ಎಮಲಿನ್ ಎರಡು ಸಲ ಕೋಟೆಗೆ ಹೋದಳು. ಒಂದು ಸಲ ಬಾಗಿಲವರೆಗೆ ಹೋಗಿ, ಒಳಗೆ ಅಳಿಯಂದಿರ ಧ್ವನಿ ಕೇಳಿ ವಾಪಸಾದಳು. ಇನ್ನೊಂದು ಸಲ ನಾನಾ ಒಬ್ಬರೇ ಇದ್ದರು. "ಬಾ ತಂಗಿ. ನೀನು ಬರೋದು ನಿಂತ ಮೇಲೆ ನನಗೆ ಹೊತ್ತೇ ಗೊತ್ತಾಗಲ್ಲ," ಎಂದು ಕುರ್ಚಿ ಎಳೆದರು. ಹೇಳಬೇಕಾದ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವರೇ, "ನಿನ್ನ ಮನಸ್ಸಿಗೆ ಹಚ್ಕೋಬೇಡ. ಬೆಳಕು ಕೆಲವು ದಿನ ಹಾಗೆ ಮೋಸ ಮಾಡುತ್ತೆ," ಎಂದುಬಿಟ್ಟರು. ಅವರು ತಪ್ಪನ್ನು ತಮ್ಮ ಕಣ್ಣಿನ ಮೇಲೆ ಹಾಕಿಕೊಂಡು, ಅವಳಿಗಾಗಿ ಬೆಳಕಿನ ಮೇಲೂ ಹಾಕಿದ್ದರು. ಎಮಲಿನ್ ತಂದಿದ್ದ ಲೇಸ್ ತುಂಡನ್ನು ಜೆಸೀಮಾಗೆಂದು ಮೇಜಿನ ಮೇಲಿಟ್ಟು ಬಂದಳು. ಆಮೇಲೆ ವರ್ಷಕ್ಕೆ ಎರಡು ಸಲ ಲೇಸ್ ಕಳಿಸಿದಳು. ತೋಳಿಗೆ, ತಲೆಬಟ್ಟೆಗೆ, ದಿಂಬಿನ ಚೀಲಕ್ಕೆ. ತಾನು ಹೋಗಲಿಲ್ಲ. ಉಂಗುರ ಇರುವ ಮನೆಗಳಲ್ಲಿ ಹೆಂಗಸರ ಕೈ ನೋಡುವುದನ್ನೂ ಬಿಟ್ಟಳು.

ನಾಲ್ಕನೆಯ ವರ್ಷ ಹಿರಿಯ ಅಳಿಯ ಹಟ ಹಿಡಿದು ನಾನಾರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಡಗಣ್ಣಿನ ಪೊರೆ ತೆಗೆಸಿದ. ಕಣ್ಣು ಬಂತು. ಆದರೆ ಎದೆಯಲ್ಲಿ ಬೇರೆ ಕಾಯಿಲೆ ಇದೆ ಎಂದು ಅಲ್ಲೇ ಗೊತ್ತಾಯಿತು. ಅವರು ಹೆಚ್ಚು ದಿನ ಇರಲಿಲ್ಲ. ಪಟ್ಟಿ ಬಿಚ್ಚಿದ ಮೇಲೆ ಒಂದು ತಿಂಗಳು ಐದು ದಿನ. ಆ ತಿಂಗಳಲ್ಲಿ ಒಂದು ದಿನ ಜೆಸೀಮಾ ಹೇಳಿಕಳಿಸಿದಳು: ನಾನಾ ಕರೆಯುತ್ತಿದ್ದಾರೆ, ಹತ್ತು ಗಂಟೆಯೊಳಗೆ ಬರಬೇಕಂತೆ.

ಎಮಲಿನ್ ಹೋದಾಗ ಅವರು ಇಸ್ತ್ರಿ ಅಂಗಿ ತೊಟ್ಟು ಕಿಟಕಿಯ ಬಳಿ ಕೂತಿದ್ದರು. ತುಂಬ ಇಳಿದುಹೋಗಿದ್ದರು.

"ಬಂದೆಯಾ? ಆ ಬಕೆಟ್ಟು ನೋಡು ತಂಗಿ, ಎಷ್ಟು ನೀಲಿ! ಅಂಗಡಿ ಬಾಗಿಲು ನೀಲಿ. ಪಕ್ಕದ ಮನೆ ಹುಡುಗೀರ ಸ್ಕೂಲ್ ಚೀಲ ನೀಲಿ. ಇವಳ ಈ ಸೀರೆ ಬೂದಿ ಬಣ್ಣ ಅಂದ್ಕೊಂಡಿದ್ದೆ, ಇದೂ ನೀಲಿ!"

"ನೀವೇ ತಂದುಕೊಟ್ಟ ಸೀರೆ. ಮದುವೆ ಆದ ವರ್ಷ," ಎಂದಳು ಜೆಸೀಮಾ. "ಈಗ ದಿನಾ ಇದನ್ನೇ ಉಡು ಅಂತಾರೆ ಎಮಲಿನ್. ಒಗೆಯೋಕೂ ಬಿಡಲ್ಲ."

"ನೀನು ಹೋಗಿ ಚಹಾ ಮಾಡು. ಬೆಲ್ಲದ ತುಂಡು ದೊಡ್ಡದಿರಲಿ, ತಂಗಿ ನಾಲ್ಕು ವರ್ಷದ ಬಾಕಿ ತಿನ್ನಬೇಕು."

ಜೆಸೀಮಾ ಒಳಗೆ ಹೋದಳು. ನಾನಾ ಅಂಗಿಯ ಜೇಬಿನಿಂದ ಮಡಿಕೆಗಳಲ್ಲಿ ಸವೆದ ಕಾಗದದ ಪೊಟ್ಟಣ ತೆಗೆದರು. ಬಿಚ್ಚುವ ಮೊದಲೇ ಎಮಲಿನ್‌ಗೆ ಗೊತ್ತಾಯಿತು.

"ಮಿಸ್ಸಿನೋನಾ ಅಕ್ಕನ ಅಜ್ಜಿ ಉಂಗುರ," ಎಂದರು ನಾನಾ. "ಮಾರಲಿಲ್ಲ. ಯಾರಿಗೆ ಮಾರೋದು? ತಗಡು ಹಾಕಿಸಿ ಮುಚ್ಚು ಅಂದ್ರು ಕೆಲವರು. ಹಾಗೇ ಬಿಟ್ಟೆ. ಕಣ್ಣು ಬಂದ ಮೇಲೆ ಒಬ್ಬನೇ ನೋಡೋಕೂ ಮನಸ್ಸಾಗ್ಲಿಲ್ಲ. ಇವತ್ತೇ ಬಿಚ್ತಾ ಇದೀನಿ."

ಅವರು ಅವಳ ಕೈ ಹಿಡಿದು ಬೆರಳಿಗೆ ಉಂಗುರ ಹಾಕಿದರು. ಬೆರಳಿನ ಗಂಟು ಊದಿಕೊಂಡಿತ್ತು. ಮೆಲ್ಲಗೆ ತಿರುಗಿಸಿ ತಿರುಗಿಸಿ ಇಳಿಸಿದರು. ಆಮೇಲೆ ಅವಳ ಕೈಯನ್ನು ಹಿಂದಿನ ಹಾಗೇ ಕಿಟಕಿಯ ಕಡೆಗೆ ಎತ್ತಿ ಹಿಡಿದರು. ಬೆನ್ನಿಲ್ಲದ ಹರಳಿನೊಳಗಿಂದ ಬೆಳಕು ಯಾವ ಬಣ್ಣವೂ ಇಲ್ಲದೆ ನೆಟ್ಟಗೆ ದಾಟಿ ಅವಳ ಚರ್ಮದ ಮೇಲೆ ಬಿತ್ತು. ಎಮಲಿನ್‌ಳ ಇನ್ನೊಂದು ಕೈ ತಾನಾಗಿ ಸೊಂಟಕ್ಕೆ ಹೋಗಿ ಬಿಳಿ ನೂಲನ್ನು ಹುಡುಕಿತು. ನೂಲು ಇತ್ತು. ಪಕ್ಕಕ್ಕಿಟ್ಟಳು. ನಾನಾ ಹೊಸ ಕಣ್ಣಿನಿಂದ ಹರಳನ್ನು ನೋಡಿದರು, ಬಹಳ ಹೊತ್ತು ನೋಡಿದರು. ಆಮೇಲೆ ಅವಳ ಮುಖವನ್ನು ನೋಡಿದರು.

"ನಾನಾ, ಆವತ್ತು ನಾನು ತಿರುಗಿಸಿದಾಗ..." ಎಂದಳು ಎಮಲಿನ್. ಕೈಯನ್ನು ಹಿಂದಕ್ಕೆಳೆದುಕೊಳ್ಳಲು ಹೋದಳು. ಅವರು ಅದನ್ನು ಬಿಡಲಿಲ್ಲ, ಅಲುಗದ ಹಾಗೆ ಕೆಳಗಿನಿಂದ ತಮ್ಮ ಅಂಗೈ ಕೊಟ್ಟು ಹಿಡಿದರು.

"ನಾನು ಆವತ್ತಿಂದು ಕೇಳ್ತಾ ಇಲ್ಲ. ಬೆಳಕು ಚೆನ್ನಾಗಿದೆ. ಈಗ ನೋಡಿ ಹೇಳು ತಂಗಿ, ಇದು ಯಾವ ನೀಲಿ?"